ಡ್ರಮ್, ಬಲೂನು, ದೀನಬಂಧು: ನಮ್ಮ ಕೇರಿಯ ಗೋಬರ್ ಗ್ಯಾಸ್ ಲೆಕ್ಕ

ಗೋಬರ್ ಗ್ಯಾಸಿಗೆ ಯಾವ ಮಾದರಿಯ ಗುಂಡಿ ಹಾಕಿಸಲಿ ಎಂದು ಯಾರೇ ಕೇಳಿದರೂ ನನ್ನ ಉತ್ತರ ದೀನಬಂಧು, ಅಂದರೆ ನೆಲದೊಳಗಿನ ಗುಮ್ಮಟದ್ದು. ಮಲೆನಾಡಿನಲ್ಲಿ ನಾಲ್ಕೈದು ದನ ಸಾಕಿಕೊಂಡು, ಸಣ್ಣ ರಿಪೇರಿಗೂ ಪೇಟೆಯ ದಾರಿ ಕಾಯಲು ಮನಸ್ಸಿಲ್ಲದವಳ ಉತ್ತರ ಇದು. ಮಾವನವರು ಹಾಕಿಸಿದ್ದ ಡ್ರಮ್ಮಿನ ಗುಂಡಿ, ಅದು ಕೈಕೊಟ್ಟ ಮೇಲೆ ಬಂದ ಬಲೂನು, ಈಗಿನ ದೀನಬಂಧು, ಮೂರಕ್ಕೂ ಸಗಣಿ ಕಲಸಿದವಳು ನಾನೇ. ಮೂರರ ಗ್ಯಾಸಿನಲ್ಲಿ ದೋಸೆ ಹುಯ್ದವಳೂ ನಾನೇ.

ಡ್ರಮ್ಮಿನದು ಖಾದಿ ಆಯೋಗದ ಹಳೆಯ ಮಾದರಿ. ಗ್ಯಾಸ್ ತುಂಬಿದಂತೆ ಕಬ್ಬಿಣದ ಡ್ರಮ್ ಮೇಲೇಳುತ್ತದೆ, ಉರಿಸಿದಂತೆ ಕೆಳಗಿಳಿಯುತ್ತದೆ. ರಾತ್ರಿ ಅಡುಗೆಗೆ ಸಾಕಾದೀತೇ ಎಂದು ಅಂಗಳದಿಂದಲೇ ಹೇಳಬಹುದು. ಉರಿಯೂ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಈ ಸುಖ ಉಳಿದೆರಡರಲ್ಲಿ ಇಲ್ಲ. ಆದರೆ ತುಕ್ಕು! ಬಗ್ಗಡ ತಾಗುವ ಅಂಚಿನಲ್ಲಿ ಅದು ಶುರುವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಡ್ರಮ್ ಎತ್ತಿಸಿ, ಕೆರೆದು, ಬಣ್ಣ ಬಳಿಯಬೇಕು. ಎತ್ತಲು ಆಳು ಸಿಗದ ವರ್ಷ ಆ ಕೆಲಸ ತಪ್ಪುತ್ತದೆ, ತೂತು ಬೀಳುತ್ತದೆ. ಘಟಕದ ಖರ್ಚಿನ ದೊಡ್ಡ ಪಾಲು ಆ ಡ್ರಮ್ಮೇ ಆದ್ದರಿಂದ, ಹೊಸದರ ಬೆಲೆ ಕೇಳಿದ ಮಾವನವರು ಸುಮ್ಮನೆ ಎದ್ದು ತೋಟಕ್ಕೆ ಹೋದರು.

ಬಲೂನು ಎಂದರೆ ಸಗಣಿ, ಗ್ಯಾಸ್ ಎರಡನ್ನೂ ಹಿಡಿಯುವ ದೊಡ್ಡ ಚೀಲ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಗ ಕೂರಿಸಿದರು, ಬೇಗ ಹರಿಯಿತು. ಅಡಿಕೆ ಮರದಿಂದ ಹಾಳೆ ಸಮೇತ ಬಿದ್ದ ಸೋಗೆಗೆ ಅದರ ಚರ್ಮ ತಡೆಯಲಿಲ್ಲ. ತೇಪೆ ಹಾಕುವವರು ಮಾತ್ರ ಫೋನಿನಲ್ಲಿ ದಿನವೂ ಬರುತ್ತಿದ್ದರು. ಬಯಲು ಅಂಗಳವಿದ್ದು, ಜಾಗ ಬಾಡಿಗೆಯದಾಗಿದ್ದರೆ ಸರಿ, ಮಡಚಿಕೊಂಡು ಹೋಗಬಹುದು.

ದೀನಬಂಧು 1984ರಲ್ಲಿ ಅಫ್‌ಪ್ರೋ (ಆಕ್ಷನ್ ಫಾರ್ ಫುಡ್ ಪ್ರೊಡಕ್ಷನ್) ಸಂಸ್ಥೆ ರೂಪಿಸಿದ ಮಾದರಿ. ಇಟ್ಟಿಗೆ, ಸಿಮೆಂಟಿನ ಗುಮ್ಮಟ ಪೂರ್ತಿ ನೆಲದೊಳಗೆ. ತುಕ್ಕಿನ ಮಾತಿಲ್ಲ, ಮಳೆಗಾಲದಲ್ಲೂ ಮಣ್ಣು ಒಂದಿಷ್ಟು ಬಿಸಿ ಹಿಡಿದಿರುತ್ತದೆ, ಡ್ರಮ್ಮಿಗಿಂತ ಅಗ್ಗ. ಮೇಸ್ತ್ರಿ ಮಾತ್ರ ಪಳಗಿದವನಾಗಿರಬೇಕು. ಒಳಗಿನ ಗಾರೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಗ್ಯಾಸ್ ನಿಲ್ಲುವುದಿಲ್ಲ.

ಇನ್ನು ಪೈಪಿನ ನೀರು. ಇದನ್ನು ಮಾರುವವರೂ ಹೇಳುವುದಿಲ್ಲ, ಕಟ್ಟುವವರೂ ಹೇಳುವುದಿಲ್ಲ. ದೋಸೆ ಅರ್ಧ ಬೆಂದಿರುವಾಗ ಉರಿ ಕುಣಿಯತೊಡಗುತ್ತದೆ, ಪೈಪಿನಲ್ಲಿ ಗುಳುಗುಳು ಸದ್ದು, ಫಕ್ಕನೆ ಆರುತ್ತದೆ. "ಸಗಣಿ ತೆಳ್ಳಗಾಯಿತೇನೋ ಅತ್ತಿಗೆ" ಎಂದು ಮೈದುನ ಕೊಟ್ಟಿಗೆಗೆ ಓಡುತ್ತಾನೆ. ಒಬ್ಬರು ಬರ್ನರ್ ಬಿಚ್ಚುತ್ತಾರೆ, ಇನ್ನೊಬ್ಬರು ವಾಲ್ವ್ ಬೈಯುತ್ತಾರೆ.

ಸಗಣಿಯ ತಪ್ಪೇನೂ ಇರುವುದಿಲ್ಲ. ಗುಂಡಿಯಿಂದ ಬರುವ ಗ್ಯಾಸಿನಲ್ಲಿ ನೀರಾವಿ ತುಂಬಿರುತ್ತದೆ. ಹೊರಗಿನ ತಂಪಿಗೆ ಅದು ಪೈಪಿನೊಳಗೇ ನೀರಾಗಿ, ಪೈಪು ಜೋತುಬಿದ್ದ ಕಡೆ ನಿಲ್ಲುತ್ತದೆ. ನಮ್ಮದು ಕೊಟ್ಟಿಗೆಯಿಂದ ಅಡುಗೆಮನೆಗೆ ಅಡಿಕೆ ದಬ್ಬೆಯ ಕಂಬಗಳ ಮೇಲೆ ಬರುತ್ತಿತ್ತು. ನಡುವಿನ ಕಂಬ ಕುಸಿದಿತ್ತು. ಮೂರು ಮಾದರಿಯಲ್ಲೂ ಈ ಕಾಟವಿದೆ, ಆದರೆ ಒಂದೇ ಪ್ರಮಾಣದಲ್ಲಲ್ಲ. ಬಲೂನಿಗೆ ಒತ್ತಡವೇ ಕಡಿಮೆ, ಮರಳಿನ ಚೀಲ ಹೇರಿದರೂ ನೀರನ್ನು ದಾಟಿ ಗ್ಯಾಸ್ ಬರುವುದು ಕಷ್ಟ. ದೀನಬಂಧುವಿನಲ್ಲಿ ಬೆಳಗ್ಗೆ ತುಂಬಿರುವಾಗ ನೀರನ್ನು ತಳ್ಳಿಕೊಂಡು ಬರುತ್ತದೆ, ಸಂಜೆ ಒತ್ತಡ ಇಳಿದಾಗ ಮುಷ್ಕರ ಹೂಡುತ್ತದೆ. ಡ್ರಮ್ಮು ಇವೆರಡರ ನಡುವೆ.

ಪರಿಹಾರ ಸುಲಭ. ಪೈಪಿಗೆ ಒಂದೇ ಕಡೆಗೆ ಇಳಿಜಾರು ಕೊಟ್ಟು, ತೀರಾ ತಗ್ಗಿನಲ್ಲಿ ಟೀ (ಮೂರು ಬಾಯಿಯ ಪೈಪ್ ತುಂಡು) ಜೋಡಿಸಿ ಚಿಕ್ಕ ನಲ್ಲಿ ಕೂರಿಸಬೇಕು. ಮಳೆಗಾಲದಲ್ಲಿ ಬೆಳಗ್ಗೆ ಕಾಫಿಗೆ ಮುಂಚೆ ನಲ್ಲಿ ತಿರುಗಿಸಿದರೆ ನಾರುವ ನೀರು ಚಿಮ್ಮುತ್ತದೆ. ಗ್ಯಾಸ್ ಬುಸ್ಸೆಂದಾಕ್ಷಣ ಮುಚ್ಚಬೇಕು. ಹತ್ತಿರ ಬೆಂಕಿ ಇರಬಾರದು. ಗುಮ್ಮಟ ಏಳುವ ಮೊದಲೇ ಪೈಪಿನ ಇಳಿಜಾರು ತೋರಿಸು ಎಂದು ಮೇಸ್ತ್ರಿಗೆ ಹೇಳಿ.

ಮೂರು ಮನೆಗೆ ಸೇರಿ ಒಂದೇ ದೊಡ್ಡ ಗುಂಡಿ ಮಾಡೋಣ ಎಂದು ಪಕ್ಕದ ಮನೆಯ ಭಾವ ಹೇಳಿದ್ದರು. ಕೇಳಲು ಚೆನ್ನಾಗಿತ್ತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುತ್ತಿದ್ದ ಅಸ್ತ್ರ ವಿಭಾಗದವರು ಇಡೀ ಊರಿಗೇ ಒಂದು ಘಟಕ ಮಾಡಿದ್ದರು. ಮೊದಲು ಅಡುಗೆಗೆ ಕೊಡಲು ನೋಡಿದರು. ಎಲ್ಲ ಒಲೆಗೂ ಸಾಲಲಿಲ್ಲ. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ದೀಪ, ಕುಡಿಯುವ ನೀರು ಕೊಟ್ಟಾಗ ಊರು ಒಪ್ಪಿತು. ದೀಪಕ್ಕೂ ನೀರಿಗೂ ಹೊತ್ತು ಗೊತ್ತುಮಾಡಬಹುದು. ಏಳು ಗಂಟೆಗೆ ಮೂರು ಮನೆಯ ಅನ್ನ ಒಟ್ಟಿಗೇ ಬೇಯಬೇಕಾದರೆ ಕೊನೆಯ ಮನೆಯವಳು ಏನು ಮಾಡಬೇಕು?

ಹಾಗಾಗಿ ನಮ್ಮಲ್ಲಿ ಗುಂಡಿ ಮನೆಗೊಂದು, ದುಡಿಮೆ ಮುಯ್ಯಾಳಿನದು. ಮಣ್ಣು ತೆಗೆಯಲು ಎಲ್ಲರೂ ಬಂದರು, ಮೇಸ್ತ್ರಿಯನ್ನು ಒಂದರ ಹಿಂದೊಂದು ಮನೆಗೆ ಹಿಡಿದಿಟ್ಟುಕೊಂಡೆವು. ಬಿಡಿ ವಾಲ್ವು, ಸ್ಪ್ಯಾನರು ಭಾವನ ಮನೆಯಲ್ಲಿರುತ್ತವೆ. ಒಂದೇ ಹಸು ಇರುವ ಕೆಳಗಿನ ಮನೆಯವರು ಸಗಣಿಯನ್ನು ನಮ್ಮ ಗುಂಡಿಗೆ ಹಾಕಿ, ತೋಟಕ್ಕೆ ಬಗ್ಗಡ ಒಯ್ಯುತ್ತಾರೆ.

ಕಟ್ಟುವ ಮೊದಲು ಸಗಣಿ ತೂಗಿ ನೋಡಿ. ಎರಡು ಘನ ಮೀಟರಿನ (ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವ) ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಬೇಕು, ಅಷ್ಟೇ ನೀರೂ ಬೇಕು. ದೊಡ್ಡ ಹಸು ದಿನಕ್ಕೆ ಹತ್ತು ಕಿಲೋ ಹಾಕೀತು. ಮೇಯಲು ಬಿಡುವ ಮಲೆನಾಡು ಗಿಡ್ಡದ ಸಗಣಿ ಅರ್ಧ ಗುಡ್ಡದ ಪಾಲು. ಕೊಟ್ಟಿಗೆಯಲ್ಲಿ 25 ಕಿಲೋ ಮಾತ್ರ ಸಿಗುವುದಾದರೆ ಒಂದು ಘನ ಮೀಟರಿನದೇ ಸಾಕು.