ಮಕ್ಕಳಿಗೆ ಕಣ್ಣು ಬಂದಾಗ ಮೆಡಿಕಲ್ ಅಂಗಡಿ ಕೊಡುವ ಮೂರು ಬಾಟಲಿ: ಯಾವುದು ಬೇಕು, ಯಾವುದು ಬೇಡ

‘ಹುಡುಗಗ ಕಣ್ಣು ಬಂದಾವ, ಹನಿ ಕೊಡ್ರಿ’ ಎಂದು ರಾಯಚೂರಿನಲ್ಲಿ ಮೆಡಿಕಲ್ ಅಂಗಡಿ ಮುಂದೆ ನಿಂತರೆ ಸಾಮಾನ್ಯವಾಗಿ ಮೂರು ಬಗೆಯ ಬಾಟಲಿಗಳಲ್ಲಿ ಒಂದು ಕೈಗೆ ಬರುತ್ತದೆ. ಮಾಕ್ಸಿಫ್ಲಾಕ್ಸಾಸಿನ್ 0.5% ಎಂಬ ಆಂಟಿಬಯಾಟಿಕ್ ಹನಿ, ಅದಕ್ಕೇ ಉರಿಯೂತ ಅಡಗಿಸುವ ಸ್ಟೀರಾಯ್ಡ್ ಬೆರೆಸಿದ ಹನಿ, ಇಲ್ಲವೇ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಎಂಬ ಕೃತಕ ಕಣ್ಣೀರು. ನೋಡಲು ಮೂರೂ ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಗಳೇ. ಕೆಲಸ ಮಾತ್ರ ಬೇರೆ, ಅಪಾಯವೂ ಬೇರೆ.

ಮಾಕ್ಸಿಫ್ಲಾಕ್ಸಾಸಿನ್ ಒಳ್ಳೆಯ ಔಷಧಿಯೇ, ಸೋಂಕು ಬ್ಯಾಕ್ಟೀರಿಯಾದ್ದಾಗಿದ್ದರೆ. ಬೆಳಿಗ್ಗೆ ರೆಪ್ಪೆ ಅಂಟಿಕೊಂಡು, ಒರೆಸಿದಷ್ಟೂ ಹಳದಿ-ಹಸಿರು ಗೀಜು ಬರುತ್ತಿದ್ದರೆ ಆ ಅನುಮಾನಕ್ಕೆ ಬಲ ಬರುತ್ತದೆ. ಜೊತೆಗೆ ಕಿವಿನೋವೂ ಇದ್ದರೆ ಹನಿಯೊಂದೇ ಸಾಲದು, ಬಾಯಿಂದ ಕೊಡುವ ಔಷಧಿ ಬೇಕಾಗಬಹುದು. ಸಾಮಾನ್ಯ ಅಳತೆ ದಿನಕ್ಕೆ 3 ಸಲ ಒಂದೊಂದು ಹನಿ, 7 ದಿನ. ಎರಡೂ ಕಣ್ಣಿಗೆ ಸೇರಿ 42 ಹನಿ. 5 ಮಿ.ಲೀ. ಬಾಟಲಿಯಲ್ಲಿ ಸುಮಾರು 100 ಹನಿ ಇರುತ್ತವೆ. ವಾರದೊಳಗೆ ಬಾಟಲಿ ಖಾಲಿಯಾಯಿತೆಂದರೆ ಔಷಧಿ ಕೆನ್ನೆಗೆ ಹೋಗಿದೆ.

ಆದರೆ 2023ರ ಜುಲೈ-ಆಗಸ್ಟ್‌ನಲ್ಲಿ ರಾಜ್ಯದ ತುಂಬ ಹರಡಿದಂಥ ಮದ್ರಾಸ್ ಐ ಹೆಚ್ಚಾಗಿ ವೈರಸ್ಸಿನದು. ಅದಕ್ಕೆ ಈ ಹನಿ ನಾಟುವುದಿಲ್ಲ. ಗೀಜಿಗಿಂತ ನೀರು ಜಾಸ್ತಿ, ಮರಳು ಬಿದ್ದಂತೆ ಚುಚ್ಚು, ಒಂದು ಕಣ್ಣಿಗೆ ಬಂದದ್ದು ಒಂದೆರಡು ದಿನದಲ್ಲಿ ಇನ್ನೊಂದಕ್ಕೆ. ಮೊದಲ 3-5 ದಿನ ಏರುತ್ತಲೇ ಹೋಗಿ, ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಮೂರನೇ ದಿನ ‘ಇದು ಹತ್ತಲಿಲ್ಲ’ ಎಂದು ಬಾಟಲಿ ಬದಲಿಸುತ್ತಾರೆ, ಆರನೇ ದಿನ ಕೆಂಪು ಇಳಿದಾಗ ಹೆಸರು ಹೊಸ ಬಾಟಲಿಗೆ ಹೋಗುತ್ತದೆ.

ಹೀಗೆ ಹೆಸರು ಗಳಿಸುವುದರಲ್ಲಿ ಮುಂದಿರುವುದು ಸ್ಟೀರಾಯ್ಡ್ ಬೆರೆತದ್ದು. ಹಾಕಿದ ಒಂದೆರಡು ದಿನದಲ್ಲೇ ಕಣ್ಣು ಬೆಳ್ಳಗಾಗುತ್ತದೆ, ಗಿರಾಕಿ ಖುಷಿ. ಬೆಳ್ಳಗಾದದ್ದು ಉರಿಯೂತ ಅಡಗಿದ್ದಕ್ಕೆ. ವೈರಸ್ ಒಳಗೇ ಇರುತ್ತದೆ, ಇನ್ನೂ ಹೆಚ್ಚು ದಿನ ಉಳಿಯಲೂಬಹುದು. ವಾಸಿಯಾಯಿತೆಂದು ಆ ಮಗು ಶಾಲೆಗೆ ಹೋಗಿ ಬೆಂಚಿನವರಿಗೆಲ್ಲ ಹಂಚುತ್ತದೆ. ಹರ್ಪಿಸ್ ಎಂಬ ವೈರಸ್ಸಿನ ಸೋಂಕಿದ್ದರೆ, ಇಲ್ಲವೇ ಭತ್ತದ ಹೊಟ್ಟು ತಾಗಿ ಶಿಲೀಂಧ್ರದ ಹುಣ್ಣಾಗಿದ್ದರೆ ಇದೇ ಹನಿ ಕರಿಗುಡ್ಡೆಯನ್ನು ಕೆಡಿಸಬಲ್ಲದು. ನಮ್ಮ ಕಡೆ ಇನ್ನೊಂದು ತೊಡಕಿದೆ. ಬಿಸಿಲು, ಧೂಳಿನ ಈ ಭಾಗದಲ್ಲಿ ಶಾಲಾ ಮಕ್ಕಳಿಗೆ, ಅದರಲ್ಲೂ ಗಂಡುಹುಡುಗರಿಗೆ, ಪ್ರತಿ ಬೇಸಿಗೆ ಕಣ್ಣು ತುರಿಸಿ ಕೆಂಪಾಗುವುದುಂಟು. ದಾರದಂತೆ ಎಳೆಯಾಗುವ ಬಿಳಿ ಗೀಜು ಅದರ ಗುರುತು. ಅದು ಅಲರ್ಜಿ, ಅಂಟುವುದಿಲ್ಲ; ಶಾಲೆ ಬಿಡಿಸಬೇಕಿಲ್ಲ. ವೈದ್ಯರು ಬರೆದರೆ ಒಲೊಪಟಡೀನ್ 0.1% ಎಂಬ ಅಲರ್ಜಿ ಹನಿ ದಿನಕ್ಕೆ 2 ಸಲ ಸಾಕಾಗುವುದುಂಟು. ಇಂಥ ಮಕ್ಕಳಿಗೆ ಹಳೆ ಚೀಟಿ ತೋರಿಸಿ ವರ್ಷಗಟ್ಟಲೆ ಸ್ಟೀರಾಯ್ಡ್ ಹಾಕಿದರೆ ಕಣ್ಣಿನ ಒತ್ತಡ ಏರಿ ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಬರಬಹುದು, ಪೊರೆ ಕಟ್ಟಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಆದ್ದರಿಂದ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣಕ್ಷರ ಓದಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥಲೋನ್ — ಇವುಗಳಲ್ಲಿ ಯಾವುದೇ ಇದ್ದರೂ ಕಣ್ಣಿನ ವೈದ್ಯರ ಚೀಟಿ ಇಲ್ಲದೆ ಬಾಟಲಿ ವಾಪಸ್ ಕೊಡಿ.

ಉಳಿದದ್ದು ಕೃತಕ ಕಣ್ಣೀರು. ಏನನ್ನೂ ಕೊಲ್ಲುವುದಿಲ್ಲ, ಚುಚ್ಚು ಮತ್ತು ಉರಿ ತಗ್ಗಿಸುತ್ತದೆ, ಅಷ್ಟೇ. ವೈರಸ್ಸಿನ ಕಣ್ಣಿಗೆ ಬೇಕಾದದ್ದೂ ಅಷ್ಟೇ. ದಿನಕ್ಕೆ 4 ಸಲ ಸಾಕು. ಫ್ರಿಜ್ಜಿನಲ್ಲಿಟ್ಟು ಹಾಕಿದರೆ ಮಗುವಿಗೆ ಹಿತ. ಮೂರರಲ್ಲಿ ಕಣ್ಣು ಮುಚ್ಚಿ ದುಡ್ಡು ಕೊಡಬಹುದಾದದ್ದು ಇದೊಂದೇ.

ಯಾವ ಹನಿಯಾದರೂ ಹಾಕುವ ರೀತಿ ತಪ್ಪಿದರೆ ದಂಡ. ಮೊದಲು ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಗೀಜು ಒರೆಸಿ, ಪ್ರತಿ ಕಣ್ಣಿಗೂ ಬೇರೆ ಹತ್ತಿ. ಒದ್ದಾಡುವ ಮಗುವನ್ನು ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಮೂಲೆಯಲ್ಲಿ ಒಂದು ಹನಿ ಬಿಡಿ. ಕಣ್ಣು ತೆರೆದಾಗ ತಾನೇ ಒಳಗಿಳಿಯುತ್ತದೆ. ಆ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಗಂಟಲಿಗೆ ಕಹಿ ಇಳಿಯುವುದು ಕಡಿಮೆ. ಎರಡು ಹನಿ ಹಾಕಿದರೆ ಎರಡು ಪಟ್ಟು ಗುಣ ಎಂಬುದು ಸುಳ್ಳು, ಕಣ್ಣಿನಲ್ಲಿ ಒಂದು ಹನಿಗೇ ಪೂರ್ತಿ ಜಾಗವಿಲ್ಲ. ಎರಡು ಬಗೆಯ ಔಷಧಿ ಇದ್ದರೆ ನಡುವೆ 5 ನಿಮಿಷ ಬಿಡಿ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಅಣ್ಣನ ಬಾಟಲಿ ತಂಗಿಗೆ ಬೇಡ. ತೆರೆದು ತಿಂಗಳಾದ ಬಾಟಲಿ ಕಸಕ್ಕೆ.

ಕೂಲಿಂಗ್ ಗ್ಲಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಬೆಳಕಿನ ಬಾಧೆ ತಗ್ಗುತ್ತದೆ, ಸೋಂಕು ನಿಲ್ಲುವುದಿಲ್ಲ. ಮದ್ರಾಸ್ ಐ ಬರೀ ನೋಡಿದರೆ ಅಂಟುವ ರೋಗವಲ್ಲ. ಕೈ, ಟವೆಲ್, ದಿಂಬಿನಿಂದ ಅಂಟುವುದು. ಗುಲಾಬಿ ನೀರು, ನಂದಿಬಟ್ಟಲ ಹೂವಿನ ರಸ, ಎದೆಹಾಲು ಯಾವುದೂ ಶುದ್ಧೀಕರಿಸಿದ್ದಲ್ಲ, ಕಣ್ಣಿಗೆ ಬಿಡಬೇಡಿ.

ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ಜೋರು ನೋವಿದ್ದರೆ, ಮಂಜಾಗಿ ಕಂಡರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಮೂಡಿದರೆ, ಜ್ವರದ ಜೊತೆ ರೆಪ್ಪೆ ಊದಿದರೆ ಈ ಮೂರೂ ಬಾಟಲಿ ಬೇಡ. ಅದೇ ದಿನ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್‌ನ ಕಣ್ಣಿನ ವಿಭಾಗಕ್ಕೋ ಹತ್ತಿರದ ಕಣ್ಣಿನ ದವಾಖಾನೆಗೋ ಕರೆದೊಯ್ಯಿರಿ. ಈಗಾಗಲೇ ಏನಾದರೂ ಹಾಕಿದ್ದರೆ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.