ಟಾಲ್‌ಪಡಲ್‌ನ ಹಳೆಯ ಚಾಪೆಲ್: ತಪ್ಪದೆ ನೋಡಬೇಕಾದ ಮಣ್ಣಿನ ಕಟ್ಟಡ

ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಟಾಲ್‌ಪಡಲ್ ಹಳ್ಳಿಗೆ ಹೋದವರು ಕಾರ್ಮಿಕ ಹುತಾತ್ಮರ ವಸ್ತುಸಂಗ್ರಹಾಲಯವನ್ನು ಮಾತ್ರ ನೋಡಿ ಹಿಂದಿರುಗಬಾರದು. ನನ್ನ ದೃಷ್ಟಿಯಲ್ಲಿ ಆ ಊರಿನ ಅತ್ಯಂತ ಮುಖ್ಯ ಕಟ್ಟಡವೆಂದರೆ, 1818ರಲ್ಲಿ ಅಲ್ಲಿನ ಮೆಥಡಿಸ್ಟರು ಕಟ್ಟಿಕೊಂಡ ಪುಟ್ಟ ಚಾಪೆಲ್, ಅಂದರೆ ಪ್ರಾರ್ಥನಾಲಯ. ಮೈಸೂರಿನ ವೆಸ್ಲಿ ಮುದ್ರಣಾಲಯದ ಮೂಲಕ ಕನ್ನಡಿಗರಿಗೆ ಪರಿಚಿತವಾದ ಕ್ರೈಸ್ತ ಪಂಥವೇ ಇವರದೂ.

ಗೋಪುರ, ಕೆತ್ತನೆಗಳ ವೈಭವವನ್ನು ಇಲ್ಲಿ ಹುಡುಕಬಾರದು. ಇದರ ಗೋಡೆಗಳಲ್ಲಿ ಕಣ್ಣು ಸೆಳೆಯುವುದು ಕಾಬ್. ಮಣ್ಣಿಗೆ ಹುಲ್ಲು ಮತ್ತು ನೀರು ಬೆರೆಸಿ, ಚೆನ್ನಾಗಿ ತುಳಿದು, ಒಂದು ವರಸೆ ಒಣಗಿದ ಮೇಲೆ ಇನ್ನೊಂದನ್ನು ಏರಿಸುತ್ತ ಹೋಗುವ ಈ ವಿಧಾನ, ನಮ್ಮ ಬಯಲುಸೀಮೆಯ ಮಣ್ಣಿನ ಮನೆಗಳನ್ನು ಕಂಡವರಿಗೆ ಅಪರಿಚಿತವೆನಿಸದು. ಕಲ್ಲಿನ ಭವ್ಯ ಚರ್ಚು ಭೂಮಾಲೀಕರ ಜಗತ್ತಿಗೆ ಸೇರಿದ್ದಾದರೆ, ಕೊಟ್ಟಿಗೆ ಕಟ್ಟುವ ಸಾಮಗ್ರಿಯಿಂದಲೇ ಎದ್ದ ಈ ಪ್ರಾರ್ಥನಾಲಯ ಬಡವರ ಸ್ವಂತದ್ದಾಗಿತ್ತು.

ಆ ಸ್ವಂತಿಕೆಯ ಬೆಲೆ ಮುಂದೆ ತಿಳಿಯಿತು. ವಾರದ ಕೂಲಿ 9 ಶಿಲ್ಲಿಂಗ್‌ನಿಂದ 7ಕ್ಕೆ ಇಳಿದು, 6ಕ್ಕೆ ಇಳಿಯುವ ಭೀತಿ ಎದುರಾದಾಗ, 1833ರಲ್ಲಿ ಮೆಥಡಿಸ್ಟ್ ಬೋಧಕ ಜಾರ್ಜ್ ಲವ್‌ಲೆಸ್ ಮತ್ತು ಅವರ ಸಂಗಡಿಗರು ಕೃಷಿಕಾರ್ಮಿಕರ ಸಂಘ ಕಟ್ಟಿದರು. ಸಂಘ ಕಟ್ಟುವುದು ಅಪರಾಧವಾಗಿರಲಿಲ್ಲ. ಆದ್ದರಿಂದ ರಹಸ್ಯ ಪ್ರಮಾಣ ಮಾಡಿಸಿದ ಆರೋಪ ಹೊರಿಸಿ, 1834ರ ಮಾರ್ಚ್‌ನಲ್ಲಿ ಆರು ಮಂದಿಗೆ 7 ವರ್ಷಗಳ ಗಡೀಪಾರು ವಿಧಿಸಲಾಯಿತು. ಟಾಲ್‌ಪಡಲ್‌ನ ಹುತಾತ್ಮರೆಂದು ಹೆಸರಾದವರು ಇವರೇ. ಅವರಲ್ಲಿ ಐವರು ಮೆಥಡಿಸ್ಟರು. ಓದುವುದನ್ನೂ ಸಭೆಯಲ್ಲಿ ಎದ್ದುನಿಂತು ಮಾತನಾಡುವುದನ್ನೂ ಇಂಥ ಚಾಪೆಲ್‌ಗಳೇ ಅವರಿಗೆ ರೂಢಿಮಾಡಿಸಿದವೆಂದು ನಾನು ದೃಢವಾಗಿ ನಂಬುತ್ತೇನೆ. ದೇಶವ್ಯಾಪಿ ಪ್ರತಿಭಟನೆಯ ಫಲವಾಗಿ 1836ರಲ್ಲಿ ಕ್ಷಮಾದಾನ ದೊರೆಯಿತು.

1860ರ ದಶಕದಲ್ಲಿ ಹೊಸ ಚಾಪೆಲ್ ಬಂದ ಮೇಲೆ ಹಳೆಯದು ಹೊಲಮನೆಯ ಉಗ್ರಾಣವಾಗಿ ದೀರ್ಘಕಾಲ ಉಳಿಯಿತು. ನಮ್ಮ ಕಾಲದಲ್ಲಿ ಸ್ಥಳೀಯ ಟ್ರಸ್ಟೊಂದು ಅದನ್ನು ಕೊಂಡು ಜೀರ್ಣೋದ್ಧಾರಕ್ಕೆ ತೊಡಗಿದ್ದು ಮೆಚ್ಚತಕ್ಕ ಕೆಲಸ. ಉಗ್ರಾಣವಾಗಿದ್ದ ಕಾಲವೂ ಕಟ್ಟಡದ ಚರಿತ್ರೆಯ ಭಾಗವೇ ಆದ್ದರಿಂದ, ಒಳಗೆ ಹಳೆಯ ಬೆಂಚು, ಬೋಧನಾಪೀಠಗಳ ನಕಲುಗಳನ್ನು ತುಂಬಿಸುವುದಕ್ಕಿಂತ ಬರಿಯ ಗೋಡೆಗಳಿಗೆ ಪ್ರಾಧಾನ್ಯ ಕೊಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಹೋಗುವವರಿಗೆ ಒಂದು ಎಚ್ಚರಿಕೆ. 1912ರಲ್ಲಿ ನಿಲ್ಲಿಸಿದ ಸ್ಮಾರಕ ಕಮಾನು ಇರುವುದು ಹೊಸ ಚಾಪೆಲ್‌ನ ಮುಂದೆ. ಅದನ್ನೇ ಹುತಾತ್ಮರ ಚಾಪೆಲ್ ಎಂದು ಭಾವಿಸದೆ, ಹಳೆಯ ಚಾಪೆಲ್ ಎಲ್ಲಿದೆಯೆಂದು ವಿಚಾರಿಸಿಕೊಂಡು ಹೋಗಬೇಕು. ಅಲಂಕಾರವನ್ನು ಬಯಸುವವರಿಗೆ ಇದು ರುಚಿಸದಿರಬಹುದು. ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿಯೂ ಮಣ್ಣಿನ ವಾಸ್ತುವಿನಲ್ಲಿಯೂ ಆಸಕ್ತಿಯಿರುವವರು ಇದನ್ನು ಬಿಡಕೂಡದು.