ಡಿಸ್ಕಿನ ನೃತ್ಯ, ಕಂಪ್ಯೂಟರಿನ ಪರದೆ: ಹ್ಯಾಂಡ್‌ಬ್ರೇಕ್ ಬಗ್ಗೆ ನನ್ನ ಅಭಿಪ್ರಾಯ

ಬ್ಲೂ-ರೇ ಡಿಸ್ಕಿನಲ್ಲಿರುವ ವಿಡಿಯೋವನ್ನು ಚಿಕ್ಕ ಫೈಲ್ ಮಾಡಿ ವಿಎಲ್‌ಸಿ ಪ್ಲೇಯರಿನಲ್ಲಿ ನೋಡಬೇಕು ಅನ್ನುವವರಿಗೆ ನಾನು ಹೇಳುವ ಹೆಸರು ಹ್ಯಾಂಡ್‌ಬ್ರೇಕ್. ವಿಡಿಯೋ ಪರಿವರ್ತಿಸುವ ತಂತ್ರಾಂಶ, ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಾಗಂತ ಅದರ ಪ್ರಿಸೆಟ್ (ಸಿದ್ಧ ಹೊಂದಿಕೆ) ಒಂದನ್ನು ಒತ್ತಿ ಎದ್ದು ಹೋಗುವಂತಿಲ್ಲ. ಸಿನಿಮಾದಂಥ ವಿಡಿಯೋಗೆ ಆ ಪ್ರಿಸೆಟ್ ಸಾಕಾಗಬಹುದು. ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಕಾರ್ಯಕ್ರಮಕ್ಕೆ ಸಾಲದು.

ನನ್ನ ಹತ್ತಿರ ಇರುವುದು ಅಣ್ಣನ ಮಗಳ ನೃತ್ಯ ಕಾರ್ಯಕ್ರಮ. ಚಿತ್ರೀಕರಣ ಮಾಡಿದವರು ಬ್ಲೂ-ರೇಗೆ ಬರೆದುಕೊಟ್ಟ ಡಿಸ್ಕು, ಹಾಗಾಗಿ ಅದಕ್ಕೆ ಬೀಗವಿಲ್ಲ. ಮಾರಾಟಕ್ಕೆ ಬರುವ ಸಿನಿಮಾ ಡಿಸ್ಕುಗಳಿಗೆ ಎಎಸಿಎಸ್ ಎಂಬ ರಕ್ಷಣೆ ಇರುತ್ತದೆ. ಹ್ಯಾಂಡ್‌ಬ್ರೇಕ್ ಅದನ್ನು ಬಿಡಿಸುವುದಿಲ್ಲ. ಅದೇ ಆಸೆಯಿಂದ ಇಳಿಸಿಕೊಳ್ಳುವವರು ಇಲ್ಲೇ ನಿಲ್ಲಬಹುದು.

ಡಿಸ್ಕು ತೆರೆದರೆ ಬಿಡಿಎಂವಿ ಅನ್ನುವ ಫೋಲ್ಡರ್, ಅದರೊಳಗೆ ಸ್ಟ್ರೀಮ್ ಫೋಲ್ಡರಿನಲ್ಲಿ ಎಂ2ಟಿಎಸ್ ಎಂಬ ವಿಡಿಯೋ ಫೈಲುಗಳು. ಒಂದೇ ಕಾರ್ಯಕ್ರಮ ಹಲವು ತುಂಡಾಗಿ ಕೂತಿರಬಹುದು. ಅವನ್ನು ಒಂದೊಂದಾಗಿ ಎಳೆದು ಹಾಕುವ ಬದಲು ಇಡೀ ಡಿಸ್ಕನ್ನೇ ತೋರಿಸಿದರೆ, ಹ್ಯಾಂಡ್‌ಬ್ರೇಕ್ ತುಂಡುಗಳ ಕ್ರಮ ಹೇಳುವ ಪ್ಲೇಲಿಸ್ಟ್ ಓದಿ ಎಲ್ಲವನ್ನೂ ಒಂದು ಟೈಟಲ್ ಆಗಿ ಜೋಡಿಸಿಕೊಡುತ್ತದೆ. ಅಧ್ಯಾಯಗಳ ಗುರುತೂ ಉಳಿಯುತ್ತದೆ. ಡಿಸ್ಕಿನ ಮೆನು ಮಾತ್ರ ಬರುವುದಿಲ್ಲ. ನನಗೇನೂ ಬೇಸರವಿಲ್ಲ, ಆ ಮೆನುವಿನ ಹಾರುವ ಹೂಗಳನ್ನು ನೋಡಿ ಸಾಕಾಗಿತ್ತು.

ಇನ್ನು ಅಸಲಿ ವಿಷಯ. ಈ ವಿಡಿಯೋ 1080ಐ (ಇಂಟರ್ಲೇಸ್ಡ್), ಸೆಕೆಂಡಿಗೆ 50 ಫೀಲ್ಡ್ (ಅಂದರೆ ಅರ್ಧ ಚಿತ್ರ). ಒಂದು ಕ್ಷಣದಲ್ಲಿ ಚಿತ್ರದ ಬೆಸ ಗೆರೆಗಳು, ಮರುಕ್ಷಣದಲ್ಲಿ ಸಮ ಗೆರೆಗಳು. ಎರಡನ್ನೂ ಹಾಗೇ ಸೇರಿಸಿಬಿಟ್ಟರೆ ಬೀಸುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಅದನ್ನು ಸರಿಮಾಡಲು ಹ್ಯಾಂಡ್‌ಬ್ರೇಕ್‌ನಲ್ಲಿ ಡೀಕಾಂಬ್, ಯಾಡಿಫ್ ಫಿಲ್ಟರುಗಳಿವೆ. ಮಾಮೂಲಿ ರೀತಿಯಲ್ಲಿ ಬಿಟ್ಟರೆ ಎರಡು ಫೀಲ್ಡ್ ಸೇರಿ ಒಂದು ಫ್ರೇಮ್, ಸೆಕೆಂಡಿಗೆ 25. ಹಲ್ಲು ಹೋಯಿತು, ಜೊತೆಗೆ ಚಲನೆಯ ಅರ್ಧವೂ ಹೋಯಿತು! ಗಿರಕಿ ಹೊಡೆಯುವಾಗ ಹುಡುಗಿ ಜಾರುತ್ತಾ ತಿರುಗುವುದಿಲ್ಲ, ತಡವರಿಸುತ್ತಾಳೆ. ಅದಕ್ಕೆ 'ಬಾಬ್' ಆಯ್ಕೆ ಬೇಕು. ಆಗ ಒಂದೊಂದು ಫೀಲ್ಡೂ ಒಂದೊಂದು ಫ್ರೇಮ್ ಆಗಿ 50 ಸಿಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. 'ಫಾಸ್ಟ್ 1080ಪಿ30' ಪ್ರಿಸೆಟ್ಟಿನ ಹೆಸರಲ್ಲೇ ಇರುವ 30, ಫ್ರೇಮ್ ದರದ ಮೇಲ್ಮಿತಿ. ಬಾಬ್ ಹಾಕಿ ಇದನ್ನು ಹಾಗೇ ಬಿಟ್ಟರೆ ಈ ಕೈಯಲ್ಲಿ ಕೊಟ್ಟದ್ದನ್ನು ಆ ಕೈಯಲ್ಲಿ ಕಿತ್ತುಕೊಂಡಂತೆ. ಫ್ರೇಮ್ ದರವನ್ನು 50ಕ್ಕೆ ಇಟ್ಟು 'ಕಾನ್‌ಸ್ಟಂಟ್' ಆರಿಸಿ. ಪರಿವರ್ತಿಸುವ ಮುಂಚೆ ಮೂಲ ಎಂ2ಟಿಎಸ್ ಫೈಲನ್ನೇ ವಿಎಲ್‌ಸಿಯಲ್ಲಿ ಹಾಕಿ, ಡೀಇಂಟರ್ಲೇಸ್ ಮೋಡ್‌ನಲ್ಲಿ 'ಯಾಡಿಫ್ (2ಎಕ್ಸ್)' ಇಟ್ಟು ಒಮ್ಮೆ ನೋಡಿಕೊಳ್ಳಿ. ಚಲನೆ ಹೇಗಿರಬೇಕು ಅನ್ನುವುದಕ್ಕೆ ಅದೇ ಅಳತೆಗೋಲು.

ಗುಣಮಟ್ಟಕ್ಕೆ ಆರ್‌ಎಫ್ ಅನ್ನುವ ಅಂಕಿ ಇದೆ. ಕಡಿಮೆ ಮಾಡಿದಷ್ಟೂ ಚಿತ್ರ ಚೆನ್ನ, ಫೈಲ್ ದಪ್ಪ. 1080ಕ್ಕೆ 20ರಿಂದ 24 ಅನ್ನುತ್ತದೆ ಅವರದೇ ಕೈಪಿಡಿ, ನಾನು ಎಚ್.264 ಎಂಬ ಸಂಕುಚನ ವಿಧಾನದಲ್ಲಿ 20 ಇಟ್ಟೆ. ವೇದಿಕೆಯ ಕಪ್ಪು ಹಿನ್ನೆಲೆಯಲ್ಲಿ ಚೌಕಚೌಕ ಕಾಣಬಾರದಲ್ಲ, ಅದಕ್ಕೆ. ಎಚ್.265ರಲ್ಲಿ ಫೈಲ್ ಇನ್ನೂ ಇಳಿಯುತ್ತದೆ, ಆದರೆ ಹಳೆಯ ಲ್ಯಾಪ್‌ಟಾಪು ಅದನ್ನು ನುಡಿಸಲು ಏದುಸಿರು ಬಿಡುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಎನ್‌ವಿಇಎನ್‌ಸಿ ಪರಿವರ್ತಕ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಅದೇ ಗುಣಮಟ್ಟಕ್ಕೆ ಫೈಲ್ ದೊಡ್ಡದಾಗುತ್ತದೆ. ಕಾಯುವ ತಾಳ್ಮೆ ಇದ್ದರೆ ಪ್ರೊಸೆಸರಿನಲ್ಲೇ ಎಚ್.264 ಮಾಡುವ ಎಕ್ಸ್264 ಸಾಕು.

ಧ್ವನಿಯ ಟ್ಯಾಬನ್ನು ಯಾರೂ ನೋಡುವುದಿಲ್ಲ. ನನ್ನ ಡಿಸ್ಕಿನಲ್ಲಿರುವುದು ಎಲ್‌ಪಿಸಿಎಂ (ಸಂಕುಚಿಸದ ಧ್ವನಿ) ಸ್ಟೀರಿಯೋ, 48 ಕಿಲೋಹರ್ಟ್ಸ್, 16 ಬಿಟ್. ಸೆಕೆಂಡಿಗೆ 1,536 ಕಿಲೋಬಿಟ್. ಪ್ರಿಸೆಟ್ಟು ಅದನ್ನು 160 ಕಿಲೋಬಿಟ್ಟಿನ ಎಎಸಿ (ಸಂಕುಚಿಸಿದ ಧ್ವನಿ) ಮಾಡುತ್ತದೆ. ಮಾತಿಗೆ ಧಾರಾಳ ಆಯಿತು. ಸಂಗೀತಕ್ಕೆ ನಾನು ಧ್ವನಿಯಲ್ಲಿ ಏನನ್ನೂ ಕಳೆಯದ ಫ್ಲ್ಯಾಕ್ ಆರಿಸಿ, ಚಿತ್ರ, ಧ್ವನಿ ಎರಡನ್ನೂ ಹಿಡಿದಿಡುವ ಕಂಟೇನರನ್ನು ಎಂಕೆವಿ ಮಾಡಿದೆ. ವಿಎಲ್‌ಸಿ ತಕರಾರಿಲ್ಲದೆ ನುಡಿಸುತ್ತದೆ.

ಒಂದು ಮಾತು: ಸೆಕೆಂಡಿಗೆ 25 ಮೆಗಾಬಿಟ್‌ನ ವಿಡಿಯೋ ಒಂದು ಗಂಟೆಗೆ ಸುಮಾರು 11 ಜಿಬಿ. ಅಷ್ಟು ಜಾಗ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇದ್ದರೆ ಹ್ಯಾಂಡ್‌ಬ್ರೇಕೇ ಬೇಡ. ಎಂಕೆವಿಟೂಲ್‌ನಿಕ್ಸ್ ಎಂಬ ತಂತ್ರಾಂಶಕ್ಕೆ ಡಿಸ್ಕಿನ ಎಂಪಿಎಲ್ಎಸ್ ಪ್ಲೇಲಿಸ್ಟ್ ಕೊಡಿ. ಚಿತ್ರ, ಧ್ವನಿ ಎರಡನ್ನೂ ಮುಟ್ಟದೆ ಎಂಕೆವಿಯೊಳಗೆ ಕೂರಿಸಿಕೊಡುತ್ತದೆ. ಮೂಲವನ್ನು ನಾನು ಹಾಗೆ ಇಟ್ಟುಕೊಂಡಿದ್ದೇನೆ. ಹ್ಯಾಂಡ್‌ಬ್ರೇಕ್‌ನಿಂದ ಬಂದ ಪ್ರತಿಯು ಅಣ್ಣನ ಮನೆಗೆ ಹೋಯಿತು.